ಅರವತ್ತೆಂಟನೇ ಲಕೋಟೆ

ನಮ್ಮ ಸಿಸ್ಟರ್‌ಗೆ ಇಡೀ ಆಸ್ಪತ್ರೆ ಇಟ್ಟಿದ್ದ ಹೆಸರು ಪಾದರಸ. ಒಂದು ಕಡೆ ನಿಲ್ಲುವ ಜನ್ಮವಲ್ಲ ಅದು. ಊಟದ ಡಬ್ಬಿಯನ್ನು ಕಬ್ಬಿಣದ ಬೀರುವಿನ ಮೇಲಿಟ್ಟು ನಿಂತುಕೊಂಡೇ ತಿನ್ನುತ್ತಿದ್ದರು. ಎರಡು ತುತ್ತಿನ ನಡುವೆ ಒಂದು ಫೋನು, ಒಂದು ಬೈಗುಳ, ರಕ್ತದ ಸೀಸೆಯ ಮೇಲೆ ಒಂದು ಚೀಟಿ. ಹನ್ನೊಂದು ವರ್ಷ ಅವರ ಪಕ್ಕದ ಮೇಜಿನಲ್ಲಿ ಕೂತು ಕಂಪ್ಯೂಟರಿಗೆ ಅಂಕಿ ತುಂಬಿದವಳು ನಾನು. ನನಗೆ ಕೂತಲ್ಲಿಂದ ಏಳುವುದೆಂದರೆ ಆಗದು, ಅವರಿಗೆ ಕೂರುವುದೆಂದರೆ ಆಗದು. ಹಾಗಾಗಿ ದಿನಾ ಜಗಳವಾಡಿಕೊಂಡು ಚೆನ್ನಾಗಿಯೇ ಇದ್ದೆವು.

ನಮ್ಮದು ಹಳೇ ಕಟ್ಟಡದ ನೆಲಮಹಡಿಯ ಕೊನೆಯ ಕೋಣೆ. ಮೊದಲು ಅಲ್ಲಿ ವಾರ್ಡಿನ ಹೊದಿಕೆ, ದಿಂಬಿನ ಚೀಲ ಇಡುತ್ತಿದ್ದರಂತೆ. ಬಾಗಿಲಿಗೆ 'ಸಂಶೋಧನಾ ಘಟಕ' ಎಂದು ಬೋರ್ಡು ಬಿದ್ದ ಮೇಲೂ ಬಟ್ಟೆಗೆ ಹಾಕುವ ಗಂಜಿಯ ವಾಸನೆ ಹೋಗಿರಲಿಲ್ಲ. ಎರಡು ಮೇಜು, ತೂಕದ ಯಂತ್ರ, ಕಿಟಕಿಯ ಹತ್ತಿರ ಒಂದೇ ಒಂದು ಒಳ್ಳೆಯ ಕುರ್ಚಿ, ಮತ್ತೆ ಆ ಬೀರು. ಬೀರುವಿನೊಳಗೆ ಲಕೋಟೆಗಳು.

ಲಕೋಟೆಯ ವಿಷಯ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಲೆಗೆ ಹೋಗುವುದಿಲ್ಲ. ಒಂದೇ ಆಡಳಿತದ ಐದು ಆಸ್ಪತ್ರೆಗಳು ಸೇರಿ ಒಂದು ಹೊಸ ಗುಳಿಗೆಯನ್ನು ಪರೀಕ್ಷೆ ಮಾಡುತ್ತಿದ್ದವು. ಹೃದಯ ಸೋತು, ಕಾಲು ಬಾತು, ನಾಲ್ಕು ಹೆಜ್ಜೆಗೆ ದಮ್ಮು ಕಟ್ಟುವವರಿಗೆ ಅದು. ಸೇರಿದವರಲ್ಲಿ ಅರ್ಧ ಜನಕ್ಕೆ ಎಂದಿನ ಔಷಧಿ ಮಾತ್ರ, ಇನ್ನರ್ಧಕ್ಕೆ ಅದರ ಜೊತೆ ಹೊಸ ಗುಳಿಗೆ. ಯಾರಿಗೆ ಯಾವುದು ಎಂದು ಡಾಕ್ಟರೂ ಆರಿಸುವಂತಿಲ್ಲ, ರೋಗಿಯೂ ಆರಿಸುವಂತಿಲ್ಲ. ರೋಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ ಮೇಲೆ ಸಿಸ್ಟರ್ ಬೀರುವಿನಿಂದ ಮುಂದಿನ ನಂಬರಿನ ಲಕೋಟೆ ತೆಗೆದು ಎದುರಿಗೇ ಒಡೆಯಬೇಕು. ಒಳಗೆ 'ಹೊಸದು' ಅಂತಲೋ 'ಎಂದಿನದು' ಅಂತಲೋ ಒಂದು ಚೀಟಿ. ಅದರಲ್ಲಿ ಬಂದದ್ದೇ ಬಂದದ್ದು. ಹೊಸದು ಬಂದವರು ವಾರವಾರ ರಕ್ತ ಪರೀಕ್ಷೆಗೆ ಬರಬೇಕಾಗಿದ್ದರಿಂದ, ಒಡೆದ ಮೇಲೆ ಗುಟ್ಟೇನೂ ಉಳಿಯುತ್ತಿರಲಿಲ್ಲ.

ಸಹಿ ಹಾಕಲು ಹೆದರುವವರಿಗೆ ಸಿಸ್ಟರ್ ಯಾವಾಗಲೂ ಒಂದೇ ಮಾತು ಹೇಳುತ್ತಿದ್ದರು. "ನೋಡಿ ಯಜಮಾನ್ರೇ, ಯಾವುದು ಮೇಲು ಅಂತ ನಮಗೆ ಗೊತ್ತಿದ್ರೆ ನಿಮ್ಮನ್ನ ಕೇಳ್ತಾನೇ ಇರ್ಲಿಲ್ಲ, ಸುಮ್ನೆ ಕೊಟ್ಟುಬಿಡ್ತಿದ್ವಿ. ಗೊತ್ತಿಲ್ಲ, ಅದಕ್ಕೇ ಈ ಲಕೋಟೆ." ಎಷ್ಟು ಖಂಡಿತವಾಗಿ ಹೇಳುತ್ತಿದ್ದರೆಂದರೆ ಎಂಥ ಅನುಮಾನದ ಮನುಷ್ಯನೂ ಪೆನ್ನು ಕೇಳುತ್ತಿದ್ದ.

ಮೂರನೇ ತಿಂಗಳೋ ಏನೋ, ಒಂದು ಮಧ್ಯಾಹ್ನ ಅವರು ನನ್ನ ಪಟ್ಟಿಯ ಮೇಲೆ ಬೆರಳಿಟ್ಟು, "ಇಲ್ಲಿ ನೋಡೇ," ಎಂದರು. "ಒಂದರಿಂದ ನಾಲ್ಕು, ಎರಡು ಹೊಸದು ಎರಡು ಎಂದಿನದು. ಐದರಿಂದ ಎಂಟು, ಮತ್ತೆ ಎರಡು ಎರಡು. ಎಲ್ಲಾ ಹೀಗೇ ಇದೆ."

ನೋಡಿದೆ. ಹಾಗೇ ಇತ್ತು. ಕೇಂದ್ರ ಕಚೇರಿಯಲ್ಲಿ ಕೂತು ಲಕೋಟೆ ತಯಾರಿಸಿದ ಲೆಕ್ಕದ ಮೇಷ್ಟ್ರು ಎರಡು ಗುಂಪೂ ಸಮವಾಗಿರಲೆಂದು ನಾಲ್ಕು ನಾಲ್ಕರ ಕಂತೆ ಮಾಡಿದ್ದರು. ಅಂದರೆ ಒಂದು ಕಂತೆಯ ಮೂರು ಒಡೆದ ಮೇಲೆ ನಾಲ್ಕನೆಯದರಲ್ಲಿ ಏನಿದೆಯೆಂದು ಒಡೆಯದೆಯೇ ಹೇಳಬಹುದು. ನಮಗೆ ಅದೊಂದು ಆಟವಾಯಿತು. ನಾಲ್ಕನೆಯದು ಬಂದಾಗ ಸಿಸ್ಟರ್ ನನ್ನ ಕಡೆ ನೋಡಿ ಹುಬ್ಬು ಹಾರಿಸುವರು, ನಾನು ಬಾಯಿ ಮುಚ್ಚಿ ನಗುವೆ. ಮೇಷ್ಟ್ರಿಗೆ ಒಂದು ಫೋನು ಮಾಡಿ ಹೇಳಬೇಕಾಗಿತ್ತು. ಇಬ್ಬರೂ ಹೇಳಲಿಲ್ಲ. ಅಷ್ಟು ಓದಿದವರ ಗುಟ್ಟು ನಮ್ಮಂಥವರಿಗೆ ಸಿಕ್ಕಿತಲ್ಲ ಎಂಬ ಖುಷಿ ಬೇರೆ. ಈಗ ನೆನೆದರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಸಿಸ್ಟರ್‌ಗೆ ಒಬ್ಬ ಅಣ್ಣ. ನಮ್ಮ ಆಸ್ಪತ್ರೆಯಲ್ಲೇ ಲಿಫ್ಟ್ ನಡೆಸುತ್ತಿದ್ದರು, ಹೊಸ ಕಟ್ಟಡದ ದೊಡ್ಡ ಲಿಫ್ಟು, ಮಂಚ ಹಿಡಿಯುವಂಥದ್ದು. ತಂದೆ ಹೋದಾಗ ಅಣ್ಣನಿಗೆ ಹತ್ತೊಂಬತ್ತು, ತಂಗಿಗೆ ಎಂಟು. ಅವಳಿಗೆ ಜಡೆ ಹಾಕಿದ್ದು, ಶಾಲೆಗೆ ಬಿಟ್ಟಿದ್ದು, ನರ್ಸಿಂಗ್ ಓದಿಸಿದ್ದು ಎಲ್ಲ ಅವರೇ. ಮಾತು ಕಡಿಮೆ. ಆ ಲಿಫ್ಟಿನ ಬಾಗಿಲಲ್ಲಿ ಅವರದೊಂದು ಕಾನೂನು ಇತ್ತು: ಮಂಚದ ಮೇಲಿನ ರೋಗಿಗೆ ಮೊದಲ ಜಾಗ, ಆಮೇಲೆ ಯಾರು ಮುಂದೆ ನಿಂತಿದ್ದಾರೋ ಅವರು. ಸೂಪರಿಂಟೆಂಡೆಂಟರೇ ಬಂದು ಹಿಂದಿನಿಂದ ಕೆಮ್ಮಿದರೂ "ಸಾರ್, ಮುಂದಿನ ಸಲ," ಎಂದು ಬಾಗಿಲು ಎಳೆಯುವ ಗಂಡಸು.

ಆ ಅಣ್ಣನಿಗೆ ಕಾಲು ಬಾತುಕೊಂಡಿತು. ಮೊದಮೊದಲು ನಿಂತು ನಿಂತು ಹೀಗಾಗಿದೆ ಎಂದರು. ಆಮೇಲೆ ಲಿಫ್ಟಿನೊಳಗೆ ಸ್ಟೂಲು ಬಂತು. ಆಮೇಲೆ ರಾತ್ರಿ ಮೂರು ದಿಂಬು ಬೇಕಾಯಿತು. ಎದೆಯ ಪರೀಕ್ಷೆ ಮಾಡಿಸಿದ ದಿನ ದೊಡ್ಡ ಡಾಕ್ಟರು, ಅಂದರೆ ನಮ್ಮ ಘಟಕದ ಮುಖ್ಯಸ್ಥರು, ಸಿಸ್ಟರನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಹೊರಗೆ ಬಂದ ಸಿಸ್ಟರ್ ನನ್ನ ಮೇಜಿನ ಕಾಗದಗಳನ್ನೆಲ್ಲ ಒಂದು ಸಲ ಸರಿಮಾಡಿದರು, ಮತ್ತೆ ಕೆಡಿಸಿದರು, ಮತ್ತೆ ಸರಿಮಾಡಿದರು.

"ಹೃದಯ ಕಾಲು ಭಾಗಾನೂ ಕೆಲಸ ಮಾಡ್ತಿಲ್ವಂತೆ ಕಣೇ," ಎಂದರು.

ಅಣ್ಣ ಅಧ್ಯಯನಕ್ಕೆ ಸೇರಲು ಒಪ್ಪಿದರು. ತಂಗಿ ಮಾಡುವ ಕೆಲಸ, ಅವರಿಗೆ ಅದಕ್ಕಿಂತ ದೊಡ್ಡ ಭರವಸೆ ಬೇಕಿರಲಿಲ್ಲ. ದೊಡ್ಡ ಡಾಕ್ಟರು ಫೈಲಿನಲ್ಲಿ 'ಸಿಬ್ಬಂದಿಯ ಅಣ್ಣ' ಎಂದು ಬರೆದರು. "ಲಕೋಟೆ ಯಾರ ಮಾತೂ ಕೇಳೋದಿಲ್ಲ, ಹಾಗಾಗಿ ತೊಂದರೆ ಇಲ್ಲ," ಎಂದರು. ನಾನೂ ಸಿಸ್ಟರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಇಷ್ಟರಲ್ಲಿ ಹೊಸ ಗುಳಿಗೆಯವರನ್ನು ನಾವು ಕಣ್ಣಾರೆ ಕಂಡಿದ್ದೆವು. ಗಾಲಿಕುರ್ಚಿಯಲ್ಲಿ ಬಂದ ಹೆಂಗಸು ಮೂರು ತಿಂಗಳಿಗೆ ಮೊಮ್ಮಗಳ ಕೈಹಿಡಿದು ನಡೆದು ಬಂದಿದ್ದಳು. ಎಂದಿನ ಔಷಧಿಯವರಲ್ಲೂ ಚೇತರಿಸಿಕೊಂಡವರಿದ್ದರು, ಹೊಸ ಗುಳಿಗೆಯವರಲ್ಲೂ ತೀರಿಕೊಂಡವರಿದ್ದರು, ಆದರೆ ನೆನಪಲ್ಲಿ ಉಳಿಯುವುದು ಗಾಲಿಕುರ್ಚಿಯಿಂದ ಎದ್ದವಳೇ. ದೊಡ್ಡ ಡಾಕ್ಟರು ಬೈಯುತ್ತಿದ್ದರು, "ಕಣ್ಣು ನಂಬಬೇಡಿ, ಕಣ್ಣು ತನಗೆ ಬೇಕಾದ್ದು ನೋಡುತ್ತೆ" ಎಂದು. ಸಿಸ್ಟರ್ ತಲೆಯಾಡಿಸುತ್ತಿದ್ದರು. ಅವರು ನಂಬಿದ್ದು ಕಣ್ಣನ್ನೇ.

ಒಂದು ಸೋಮವಾರ ಅರವತ್ತೇಳನೇ ಲಕೋಟೆ ಒಡೆಯಿತು. ಅರವತ್ತೈದು ಎಂದಿನದು, ಅರವತ್ತಾರು ಹೊಸದು, ಅರವತ್ತೇಳು ಎಂದಿನದು. ಅರವತ್ತೆಂಟು ಏನೆಂದು ನಮ್ಮಿಬ್ಬರಿಗೂ ಗೊತ್ತು.

ಮಂಗಳವಾರ ಬೆಳಿಗ್ಗೆ ಇಬ್ಬರು ಬರುವವರಿದ್ದರು. ಅಣ್ಣ ಒಬ್ಬರು. ಇನ್ನೊಬ್ಬರು ಬೀಗ ರಿಪೇರಿ, ಬದಲಿ ಕೀಲಿಕೈ ಮಾಡುವ ಯಜಮಾನರು, ಮಾರುಕಟ್ಟೆ ಹಿಂದಿನ ಬೀದಿಯಲ್ಲಿ ಪುಟ್ಟ ಅಂಗಡಿ ಇಟ್ಟವರು. ಐವತ್ತೆಂಟು ವಯಸ್ಸು, ದಪ್ಪ ಕನ್ನಡಕ, ಉಗುರಿನ ಸಂದಿಯಲ್ಲಿ ಹಿತ್ತಾಳೆ ಪುಡಿ. ಹತ್ತು ಗಂಟೆಗೆ ಬನ್ನಿ ಎಂದರೆ ಒಂಬತ್ತೂವರೆಗೇ ಬಂದು ಬಾಗಿಲಲ್ಲಿ ಕೂತಿದ್ದರು. ಹತ್ತೂ ಹತ್ತಕ್ಕೆ ಒಪ್ಪಿಗೆ ಪತ್ರಕ್ಕೆ ಸಹಿ ಬಿತ್ತು. ಅಣ್ಣ ಬಂದಿರಲಿಲ್ಲ. ಲಿಫ್ಟನ್ನು ಇನ್ನೊಬ್ಬರಿಗೆ ವಹಿಸಿ ಬರಬೇಕಿತ್ತು, ಆ ಇನ್ನೊಬ್ಬ ತಡ ಮಾಡಿದ್ದ.

ಸಿಸ್ಟರ್ ಬೀರುವಿನ ಬಾಗಿಲು ತೆರೆದರು. ಅರವತ್ತೆಂಟು ಎಲ್ಲಕ್ಕಿಂತ ಮೇಲೇ ಇತ್ತು. ಕೈ ಮುಂದೆ ಹೋಯಿತು. ವಾಪಸು ಬಂತು. ಬೀರು ಮುಚ್ಚಿತು.

"ಯಜಮಾನ್ರೇ, ನಿಮ್ಮ ಬಿ.ಪಿ. ಸ್ವಲ್ಪ ಏರಿದೆ. ಒಂಚೂರು ಕೂತ್ಕೊಳ್ಳಿ, ಆಮೇಲೆ ಇನ್ನೊಂದು ಸಲ ನೋಡೋಣ."

ಬಿ.ಪಿ. ಏರಿರಲಿಲ್ಲ. ಆ ಅಂಕಿಯನ್ನು ತುಂಬಿದವಳು ನಾನೇ. ಕಿಟಕಿ ಹತ್ತಿರದ ಒಳ್ಳೆಯ ಕುರ್ಚಿ ಎಳೆದುಕೊಟ್ಟರು. ಕ್ಯಾಂಟೀನಿಗೆ ತಾವೇ ಓಡಿ ಚಹಾ ತಂದರು. ಮತ್ತೊಮ್ಮೆ ತೂಕ ನೋಡಿದರು. ಫ್ಯಾನು ಅವರ ಕಡೆ ತಿರುಗಿಸಿದರು. ಆ ಯಜಮಾನರು ಮುಜುಗರದಿಂದ, "ನಂಗೋಸ್ಕರ ಯಾಕಮ್ಮ ಇಷ್ಟೆಲ್ಲಾ," ಎನ್ನುತ್ತಲೇ ಇದ್ದರು. ಸಿಸ್ಟರ್ ಹೊರಗೆ ಹೋಗಿ ಕಾರಿಡಾರ್ ನೋಡಿ ಬಂದರು, ಮತ್ತೆ ಹೋದರು, ಮತ್ತೆ ಬಂದರು. ನಾನು ಕೀಬೋರ್ಡಿನ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಿದ್ದೆ. ಏನು ನಡೆಯುತ್ತಿದೆಯೆಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. "ಅಕ್ಕ" ಎಂದು ಒಂದು ಸಲ ಕರೆದೆ. ಅವರು ತಿರುಗಿ ನೋಡಿದ ನೋಟಕ್ಕೆ ಮತ್ತೆ ಕಂಪ್ಯೂಟರಿನ ಕಡೆ ತಿರುಗಿದೆ.

ಹನ್ನೊಂದು ಗಂಟೆಗೆ ಅಣ್ಣ ಬಂದರು. ಸಹಿ ಹಾಕಿದರು. ಅರವತ್ತೆಂಟು ಒಡೆಯಿತು: ಹೊಸದು. ಅವರು ಹೋದ ಮೇಲೆ ಯಜಮಾನರ ಸರದಿ, ಅರವತ್ತೊಂಬತ್ತು. ಹೊಸ ಕಂತೆಯ ಮೊದಲನೆಯದು, ಅದರೊಳಗೆ ಏನು ಬೇಕಾದರೂ ಇರಬಹುದಿತ್ತು. ಅದೂ ಹೊಸದೇ ಆಗಿರಲಿ ಎಂದು ಆ ಕ್ಷಣ ನಾನು ಬೇಡಿಕೊಂಡಷ್ಟು ಎಂದೂ ಬೇಡಿಕೊಂಡಿಲ್ಲ. ಸಿಸ್ಟರ್ ಚೀಟಿ ಬಿಡಿಸಿದರು.

"ಎಂದಿನದು," ಎಂದರು.

"ಆಯ್ತಮ್ಮ, ಅದೂ ಔಷಧಿನೇ ಅಲ್ವಾ," ಎಂದು ಯಜಮಾನರು ಲೋಟ ತೊಳೆದಿಡಲು ನಲ್ಲಿ ಹುಡುಕಿದರು.

ಕಂಪ್ಯೂಟರ್ ಎರಡು ಸಮಯ ಕೇಳುತ್ತದೆ, ಸಹಿ ಎಷ್ಟು ಗಂಟೆಗೆ, ಲಕೋಟೆ ಎಷ್ಟು ಗಂಟೆಗೆ. ಸಿಸ್ಟರ್ ಬರೆದುಕೊಟ್ಟ ಹಾಳೆಯಲ್ಲಿ ಎರಡೂ ನಿಜವೇ ಇತ್ತು: ಹತ್ತೂ ಹತ್ತು, ಹನ್ನೊಂದೂ ಇಪ್ಪತ್ತು. ಸುಳ್ಳು ಬರೆಯಲು ಅವರಿಗೆ ಬರುತ್ತಿರಲಿಲ್ಲ. ನಾನು ಅದನ್ನೇ ತುಂಬಿದೆ. ನಡುವಿನ ಎಪ್ಪತ್ತು ನಿಮಿಷ ಏನಾಯಿತೆಂದು ಯಾರೂ ಕೇಳಲಿಲ್ಲ.

ಆವತ್ತಿನಿಂದ ಆ ಹೆಂಗಸಿನ ಓಡಾಟದ ರೀತಿಯೇ ಬೇರೆಯಾಯಿತು. ಮೊದಲು ಕೆಲಸಕ್ಕಾಗಿ ಓಡುತ್ತಿದ್ದರು. ಈಗ ಕೆಲಸವಿಲ್ಲದಿದ್ದರೂ ಓಡುತ್ತಿದ್ದರು. ಅಣ್ಣ ಎರಡು ತಿಂಗಳಲ್ಲಿ ಸ್ಟೂಲು ಹೊರಗಿಟ್ಟರು. ತಂಗಿಗೆ ಖುಷಿಯಾಗಬೇಕಲ್ಲ, ಆಗುತ್ತಿತ್ತು, ಅರ್ಧ ಗಂಟೆ. ಆಮೇಲೆ ಬೀಗದ ಯಜಮಾನರಿಗೆ ಫೋನು. "ಕಾಲು ಹೇಗಿದೆ? ಬೆರಳಲ್ಲಿ ಒತ್ತಿ ನೋಡಿ, ಗುಳಿ ಬೀಳುತ್ತಾ? ಉಪ್ಪು ಬಿಟ್ಟಿದ್ದೀರಾ? ಹೆಂಡತಿಗೆ ಫೋನ್ ಕೊಡಿ." ನಿಯಮದ ಪ್ರಕಾರ ತಿಂಗಳಿಗೊಮ್ಮೆ ಕೇಳಿದರೆ ಸಾಕು. ಇವರು ಎರಡು ದಿನಕ್ಕೊಮ್ಮೆ ಕೇಳುತ್ತಿದ್ದರು. ರಜೆಯ ದಿನ ಅವರ ಮನೆಗೇ ಹೋಗಿ ಎರಡು ಮಹಡಿ ಹತ್ತಿ ತೂಕ ನೋಡಿ ಬರುತ್ತಿದ್ದರು. ನೀರಿಳಿಸುವ ಗುಳಿಗೆ ಹೆಚ್ಚು ಮಾಡಿ ಎಂದು ದೊಡ್ಡ ಡಾಕ್ಟರ ಪ್ರಾಣ ತಿನ್ನುತ್ತಿದ್ದರು. ಒಬ್ಬರನ್ನು ಮಾತ್ರ ಹೀಗೆ ನೋಡಿಕೊಂಡರೆ ಲೆಕ್ಕ ಇನ್ನಷ್ಟು ಕೆಡುತ್ತದೆ ಎಂದು ನಾನು ಹೇಳಿದ್ದಕ್ಕೆ, "ಲೆಕ್ಕ ಹಾಳಾಗಿ ಹೋಗ್ಲಿ!" ಎಂದು ಕೂಗಿ ಫೈಲು ಎಸೆದರು. ಹಾಳೆಗಳನ್ನು ಇಬ್ಬರೂ ಸೇರಿ ಆಯ್ದೆವು.

ಒಂದು ದಿನ ಯಜಮಾನರು ತಪಾಸಣೆಗೆ ಬಂದವರು ನಮ್ಮ ಬೀರುವಿನ ಬೀಗ ಎಳೆದು ನೋಡಿ ನಕ್ಕರು. "ಏನಮ್ಮ ಇದು, ಇದನ್ನ ಹೇರ್‌ಪಿನ್ನಲ್ಲಿ ತೆಗೀಬಹುದು. ಇಷ್ಟು ಮುಖ್ಯವಾದ ಕಾಗದ ಇಟ್ಕೊಂಡು!" ಚೀಲದಿಂದ ಹತ್ಯಾರ ತೆಗೆದು ಕೂತೇಬಿಟ್ಟರು. ನಡುನಡುವೆ ಉಸಿರು ಎಳೆದುಕೊಳ್ಳುತ್ತಾ, ಅರ್ಧ ಗಂಟೆಯಲ್ಲಿ ಒಳ್ಳೆಯ ಬೀಗ ಕೂರಿಸಿಕೊಟ್ಟರು. "ಇನ್ನು ಒಳಗಿನದನ್ನ ಯಾರೂ ಕದಿಯೋಕಾಗಲ್ಲ," ಎಂದು ಬೀಗದ ಕೈಯನ್ನು ಸಿಸ್ಟರ್ ಕೈಯಲ್ಲಿಡಲು ತಿರುಗಿದರೆ ಸಿಸ್ಟರ್ ಕೋಣೆಯಲ್ಲಿರಲಿಲ್ಲ. ನಾನೇ ತೆಗೆದುಕೊಂಡೆ. ಅವರು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದರು.

ಅಧ್ಯಯನಕ್ಕೆ ಸೇರಿದ ಹದಿನಾಲ್ಕನೇ ತಿಂಗಳು ಯಜಮಾನರು ತೀರಿಕೊಂಡರು. ಬೆಳಿಗ್ಗೆ ಅಂಗಡಿ ತೆರೆದು ಕೂತಿದ್ದರಂತೆ, ಗಿರಾಕಿ ಮಾತಾಡಿಸಿದರೆ ಉತ್ತರವಿಲ್ಲವಂತೆ. ಸಾವಿನ ಹಾಳೆ ತುಂಬಬೇಕಾದವರು ಸಿಸ್ಟರ್. ಪೆನ್ನು ಹಿಡಿದು ನಿಂತರು, ಇಟ್ಟರು, ಹಿಡಿದರು. ಕೊನೆಗೆ ನಾನು ತುಂಬಿದೆ, ಅವರು ಸಹಿ ಮಾತ್ರ ಹಾಕಿದರು. ಆಮೇಲೆ ಹೊಸ ಕಟ್ಟಡದ ಕಡೆ ಹೊರಟರು. ನಾನೂ ಹಿಂದೆಯೇ ಓಡಿದೆ, ಎಂದೂ ಓಡದವಳು.

ಲಿಫ್ಟಿನಲ್ಲಿ ಅಣ್ಣ ಒಬ್ಬರೇ ಇದ್ದರು. ನಾವು ಒಳಗೆ ಹೋದೆವು. ಬಾಗಿಲು ಮುಚ್ಚಿ ಮೇಲೇರುವಷ್ಟರಲ್ಲಿ ಸಿಸ್ಟರ್ ಎಲ್ಲ ಹೇಳಿಬಿಟ್ಟರು, ನಾಲ್ಕರ ಕಂತೆ, ಬಿ.ಪಿ. ಸುಳ್ಳು, ಚಹಾ, ಎಲ್ಲ. ಐದನೇ ಮಹಡಿ ಬಂತು. ಅಣ್ಣ ಬಾಗಿಲು ತೆರೆಯಲಿಲ್ಲ.

"ನಾನು ಕೇಳಿದ್ನಾ ನಿನ್ನ?"

"ಇಲ್ಲ."

"ನಂಗಿಂತ ಮುಂಚೆ ಬಂದು ಕೂತಿದ್ರಾ ಅವರು?"

"ಹ್ಞೂಂ. ಒಂಬತ್ತೂವರೆಗೇ."

"ಇಪ್ಪತ್ತೊಂಬತ್ತು ವರ್ಷ ಆಯ್ತು ಈ ಬಾಗಿಲಲ್ಲಿ. ಮುಂದೆ ನಿಂತವರನ್ನ ಒಂದೇ ಒಂದು ಸಲ ಹಿಂದೆ ತಳ್ಳಿಲ್ಲ ನಾನು. ನೀನು ನನ್ನ ಹೆಸರಲ್ಲಿ ತಳ್ಳಿಬಿಟ್ಯಲ್ಲೇ."

ಮಾರನೇ ದಿನ ಗುಳಿಗೆಯ ಡಬ್ಬಿ ನಮ್ಮ ಮೇಜಿನ ಮೇಲಿತ್ತು. ಅಣ್ಣ ಬಂದು ಇಟ್ಟು ಹೋಗಿದ್ದರು. ಸಿಸ್ಟರ್ ಅದನ್ನು ತೆಗೆದುಕೊಂಡು ಅವರ ಮನೆಗೆ ಹೋದರು. ಅತ್ತಿಗೆ ಬಾಗಿಲು ತೆರೆದರಂತೆ, ಅಣ್ಣ ಮುಖ ತಿರುಗಿಸಿ ಕೂತಿದ್ದರಂತೆ. "ನೀನು ಗುಳಿಗೆ ಬಿಟ್ರೆ ಅವರು ಎದ್ದು ಬರ್ತಾರಾ? ಒಬ್ಬರು ಹೋದ್ರು, ಇನ್ನೊಬ್ಬರನ್ನೂ ಕಳಿಸಿದವಳು ಅಂತ ಆಗ್ಬೇಕಾ ನಾನು?" ಎಂದು ಸಿಸ್ಟರ್ ಗೋಗರೆದರಂತೆ. ಮೂರನೇ ದಿನ ಅಣ್ಣ ಗುಳಿಗೆ ನುಂಗಿದರು. ಆದರೆ ಮಾತು ನಿಂತಿತು. ತಂಗಿ ಲಿಫ್ಟಿಗೆ ಬಂದರೆ, ಯಾರೋ ಗೊತ್ತಿಲ್ಲದವರನ್ನು ಕೇಳುವ ಹಾಗೆ, "ಯಾವ ಮಹಡಿ?" ಎಂದಷ್ಟೇ ಕೇಳುತ್ತಿದ್ದರು. ಆ ಎರಡು ಪದ ಕೇಳುವುದಕ್ಕೆಂದೇ ಸಿಸ್ಟರ್ ಕೆಲಸವಿಲ್ಲದ ಮಹಡಿಗೆ ಹೋಗಿ ಬರುತ್ತಿದ್ದರು. ಎಂಟು ತಿಂಗಳು ನಡೆಯಿತು ಇದು, ಆಮೇಲೂ ಬೇಕಾದಷ್ಟೇ ಮಾತು.

ಯಜಮಾನರು ತೀರಿಕೊಂಡ ವಾರವೇ ಸಿಸ್ಟರ್ ದೊಡ್ಡ ಡಾಕ್ಟರ ಮುಂದೆ ಎಲ್ಲ ಒಪ್ಪಿಕೊಂಡಿದ್ದರು. ಲೆಕ್ಕದ ಮೇಷ್ಟ್ರು ಕೇಂದ್ರ ಕಚೇರಿಯಿಂದ ಬಂದರು, ತೆಳ್ಳಗಿನ ಮನುಷ್ಯ, ಮಾತಾಡುವಾಗ ಕಣ್ಣು ಮುಚ್ಚಿಕೊಳ್ಳುವವರು. "ನಿಮಗೂ ಗೊತ್ತಿತ್ತಾ?" ಎಂದು ನನ್ನನ್ನು ಕೇಳಿದರು. ಗೊತ್ತಿತ್ತು ಎಂದೆ. ಸುಳ್ಳು ಹೇಳಬಹುದಿತ್ತು, ಹೇಳಲು ಬಾಯಿಯೂ ತೆರೆದಿದ್ದೆ. ಅವರು ಕಣ್ಣು ಮುಚ್ಚಿಕೊಂಡರು. "ಎಲ್ಲಾ ಕಂತೆ ನಾಲ್ಕರದೇ ಮಾಡಿದ್ದು ನನ್ನ ದಡ್ಡತನ. ನಾಲ್ಕು, ಆರು, ಎಂಟು ಅಂತ ಕಲಸಬೇಕಿತ್ತು. ಲಕೋಟೆ ಒಡೆಯೋರು ಮನುಷ್ಯರು ಅನ್ನೋದನ್ನೇ ಮರೆತೆ," ಎಂದರು. ಎರಡು ಸಾವಿರ ರೋಗಿಗಳಲ್ಲಿ ಇಬ್ಬರು ಅದಲುಬದಲಾದರೆ ಫಲಿತಾಂಶ ಕೂದಲೆಳೆಯಷ್ಟೂ ಅಲುಗುವುದಿಲ್ಲ, ಆದರೆ ವರದಿಯಲ್ಲಿ ಮುಚ್ಚಿಡದೆ ಬರೆಯಬೇಕು ಎಂದರು. ಸಿಸ್ಟರನ್ನು ಘಟಕದಿಂದ ತೆಗೆದು ಮಕ್ಕಳ ವಾರ್ಡಿಗೆ ಹಾಕಿದರು. ಉಳಿದ ಲಕೋಟೆಗಳನ್ನು ಸುಟ್ಟು ಹೊಸದು ತಂದರು. ನನಗೊಂದು ಎಚ್ಚರಿಕೆ ಪತ್ರ.

"ಇಷ್ಟೇನಾ?" ಎಂದು ಸಿಸ್ಟರ್ ನನ್ನನ್ನು ಕೇಳಿದರು. ಕೆಲಸದಿಂದ ಕಿತ್ತುಹಾಕುತ್ತಾರೆ, ಪೊಲೀಸರು ಬರುತ್ತಾರೆ ಎಂದುಕೊಂಡಿದ್ದರು. ಬಂದಿದ್ದರೆ ಅವರಿಗೆ ಸ್ವಲ್ಪ ನಿದ್ದೆಯಾದರೂ ಬರುತ್ತಿತ್ತೇನೋ.

ಎರಡು ವರ್ಷದ ಮೇಲೆ ಫಲಿತಾಂಶ ಬಂತು. ಹೊಸ ಗುಳಿಗೆ ಮೇಲು. ಎಷ್ಟು ಮೇಲು? ಎಂದಿನ ಔಷಧಿಯ ನೂರು ಜನರಲ್ಲಿ ಎಷ್ಟು ಮಂದಿ ಉಳಿದರೋ, ಹೊಸದರ ನೂರರಲ್ಲಿ ಅದಕ್ಕಿಂತ ನಾಲ್ಕು ಮಂದಿ ಹೆಚ್ಚು. ದೊಡ್ಡ ಡಾಕ್ಟರು ಎಲ್ಲರಿಗೂ ಸಿಹಿ ಹಂಚಿದರು. ಸಿಸ್ಟರ್ ಮಕ್ಕಳ ವಾರ್ಡಿನಿಂದ ಓಡಿ ಬಂದು, ಸಭೆಗೆ ಬಂದಿದ್ದ ಮೇಷ್ಟ್ರನ್ನು ಕಾರಿಡಾರಿನಲ್ಲಿ ಅಡ್ಡಗಟ್ಟಿದರು.

"ಸಾರ್, ಹೊಸದು ಕೊಟ್ಟಿದ್ರೆ ಆ ಬೀಗದ ಯಜಮಾನ್ರು ಉಳೀತಿದ್ರಾ?"

ಮೇಷ್ಟ್ರು ಕಣ್ಣು ಮುಚ್ಚಿದರು. "ನೋಡಮ್ಮ, ನೂರಕ್ಕೆ ತೊಂಬತ್ತಾರು ಜನಕ್ಕೆ ಯಾವ ಔಷಧಿ ಕೊಟ್ಟಿದ್ರೂ ಒಂದೇ. ಉಳಿಯೋರು ಉಳೀತಿದ್ರು, ಹೋಗೋರು ಹೋಗ್ತಿದ್ರು. ಅವರೂ ಆ ತೊಂಬತ್ತಾರರಲ್ಲಿ ಒಬ್ಬರು ಅಂದ್ಕೊಳ್ಳೋದೇ ಸರಿಯಾದ ಲೆಕ್ಕ."

"ಆ ನಾಲ್ವರಲ್ಲಿ ಅವರಿಲ್ಲ ಅಂತ ಬರ್ಕೊಡಿ ಸಾರ್."

"ಹಾಗೆ ಬರ್ಕೊಡೋಕೆ ಆಗಲ್ಲಮ್ಮ."

"ಮತ್ತೆ ನನ್ನ ಅಣ್ಣ? ಅವನು ಆ ನಾಲ್ವರಲ್ಲಿ ಇದಾನಾ?"

"ಅದೂ ಗೊತ್ತಾಗಲ್ಲ."

"ಇಷ್ಟು ವರ್ಷ ಲೆಕ್ಕ ಹಾಕಿ ನಿಮಗೆ ಗೊತ್ತಾಗಿದ್ದಾದ್ರೂ ಏನು ಸಾರ್?" ಎಂದು ಸಿಸ್ಟರ್ ಕೂಗಿದ್ದು ಕ್ಯಾಂಟೀನಿನವರೆಗೂ ಕೇಳಿತು. ಮೇಷ್ಟ್ರು ಬೇಸರಪಟ್ಟುಕೊಳ್ಳಲಿಲ್ಲ. ಕೈಯಲ್ಲಿದ್ದ ಸಿಹಿಯನ್ನು ಏನು ಮಾಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತಿದ್ದರು.

ಅಧ್ಯಯನ ಮುಗಿದರೆ ಸೇರಿದವರಿಗೆಲ್ಲ, ತೀರಿಹೋದವರ ಮನೆಯವರಿಗೂ, ಒಂದು ಪತ್ರ ಹೋಗಬೇಕು: ಫಲಿತಾಂಶ ಹೀಗಿದೆ, ನಿಮಗೆ ಕೊಟ್ಟಿದ್ದು ಇದು, ನಿಮ್ಮ ನೆರವಿಗೆ ವಂದನೆ. ಪತ್ರಗಳನ್ನು ಅಚ್ಚು ಹಾಕಿ ವಿಳಾಸ ಅಂಟಿಸುವುದು ನನ್ನ ಪಾಲಿಗೆ ಬಂತು. ಯಜಮಾನರ ಮನೆಯ ಪತ್ರಕ್ಕೆ ದೊಡ್ಡ ಡಾಕ್ಟರು ಬೇರೆ ಒಂದು ಹಾಳೆ ಸೇರಿಸಿದ್ದರು, ಸರದಿ ತಪ್ಪಿದ್ದನ್ನು ಒಪ್ಪಿಕೊಂಡು. "ಅಂಚೆಗೆ ಹಾಕ್ಬೇಡ, ನಾನು ಕೊಡ್ತೀನಿ," ಎಂದರು ಸಿಸ್ಟರ್. "ನೀನೂ ಬಾ."

ಅಂಗಡಿಯಲ್ಲಿ ಈಗ ಯಜಮಾನರ ಹೆಂಡತಿ ಕೂರುತ್ತಾರೆ. ಗಂಡನದರಂಥದ್ದೇ ದಪ್ಪ ಕನ್ನಡಕ, ಉಗುರಿನಲ್ಲಿ ಅದೇ ಹಿತ್ತಾಳೆ ಪುಡಿ. ಸಿಸ್ಟರನ್ನು ಕಂಡೊಡನೆ ಕೀಲಿ ಉಜ್ಜುವ ಅರ ಕೆಳಗಿಟ್ಟು ಎದ್ದರು.

"ಬನ್ನಿ ಸಿಸ್ಟರಮ್ಮ! ಎಷ್ಟು ದಿನ ಆಯ್ತು. ನಿಮ್ಮನ್ನ ನೆನೆಸದ ದಿನ ಇಲ್ಲ. ಅವರಂತೂ ಬಂದವರಿಗೆಲ್ಲ ಹೇಳೋರು, ಮೊದಲನೇ ದಿನವೇ ಒಳ್ಳೇ ಕುರ್ಚಿ ಕೊಟ್ರು, ತಾವೇ ಹೋಗಿ ಚಹಾ ತಂದ್ರು, ಬಿ.ಪಿ. ಇಳೀಲಿ ಅಂತ ಫ್ಯಾನ್ ತಿರುಗಿಸಿದ್ರು ಅಂತ. ಆಸ್ಪತ್ರೇಲಿ ಬಡವರನ್ನ ಅಷ್ಟು ಚೆನ್ನಾಗಿ ಯಾರಮ್ಮ ನೋಡ್ಕೋತಾರೆ?"

ಸಿಸ್ಟರ್ ಲಕೋಟೆ ಅವರ ಕೈಗೆ ಕೊಡಲಿಲ್ಲ. ತಾವೇ ಒಡೆದರು, ಓದಲಿಲ್ಲ, ಬಾಯಲ್ಲೇ ಹೇಳಿದರು. ಬಿ.ಪಿ. ಏರಿರಲಿಲ್ಲ ಎಂದರು. ನನ್ನ ಅಣ್ಣ ಬರಲಿ ಅಂತ ಕೂರಿಸಿದ್ದೆ ಎಂದರು. ಹೊಸ ಗುಳಿಗೆ ನಿಮ್ಮವರಿಗೆ ಬರಬೇಕಿತ್ತು ಎಂದರು. ನಿಂತಲ್ಲೇ ಕಾಲು ಬದಲಿಸುತ್ತಾ, ಸೆರಗಿನ ತುದಿ ಸುತ್ತುತ್ತಾ ಬಿಚ್ಚುತ್ತಾ, ಒಂದೂ ಬಿಡದೆ ಹೇಳಿದರು. ಹೊರಗೆ ಒಬ್ಬ ಗಿರಾಕಿ ಬೀಗ ಹಿಡಿದು ಬಂದವನು ಒಳಗಿನ ಮುಖಗಳನ್ನು ನೋಡಿ ಹಾಗೇ ಹಿಂದಿರುಗಿದ.

ಆಕೆ ಕೂತರು. ಅರ ಎತ್ತಿಕೊಂಡು ಅರ್ಧ ಮಾಡಿದ್ದ ಕೀಲಿಯನ್ನು ಮತ್ತೆ ಉಜ್ಜತೊಡಗಿದರು. ಉಜ್ಜಿದರು, ಊದಿದರು, ಬೆಳಕಿಗೆ ಹಿಡಿದು ನೋಡಿದರು.

"ನಿಮ್ಮಣ್ಣ ಈಗ ಹೇಗಿದಾರೆ?"

"ಚೆನ್ನಾಗಿದಾನೆ."

"ಮೆಟ್ಟಿಲು ಹತ್ತಾರಾ?"

"ಹತ್ತಾನೆ."

"ನಮ್ಮನೆ ಎರಡನೇ ಮಹಡಿ, ನಿಮಗೆ ಗೊತ್ತಲ್ಲ. ಒಂದ್ಸಲ ಬರೋಕೆ ಹೇಳಿ. ಹತ್ತೋದನ್ನ ನಾನು ನೋಡ್ಬೇಕು."

ಅಣ್ಣ ಬರುವುದಿಲ್ಲವೆಂದೇ ನಾನು ಅಂದುಕೊಂಡಿದ್ದೆ. ಸಿಸ್ಟರ್ ಹೇಳಿದಾಗ ಅವರು ಕೇಳಿದ್ದು ಒಂದೇ, "ಯಾವತ್ತು?" ಭಾನುವಾರ ಹತ್ತು ಗಂಟೆಗೆ ಮೂವರೂ ಹೋದೆವು. ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಆಕೆ ಮೇಲೆ, ಮೆಟ್ಟಿಲ ತುದಿಯಲ್ಲಿ, ಕಂಬಿ ಹಿಡಿದು ನಿಂತಿದ್ದರು. ನಮಸ್ಕಾರವಿಲ್ಲ, ಬನ್ನಿ ಎಂದಿಲ್ಲ. ಅಣ್ಣ ಚಪ್ಪಲಿ ಕೆಳಗೆ ಬಿಟ್ಟು ಹತ್ತತೊಡಗಿದರು. ನಾನು ಎರಡು ಮೆಟ್ಟಿಲು ಹಿಂದೆ.

"ಅವರು ಅಲ್ಲಿ ಕೂರೋರು," ಎಂದು ಆಕೆ ಮೇಲಿನಿಂದ ಹೇಳಿದರು, ಅಣ್ಣ ಏಳನೇ ಮೆಟ್ಟಿಲು ದಾಟುವಾಗ. ಅಣ್ಣ ನಿಲ್ಲಲಿಲ್ಲ. "ಅಲ್ಲಿ ಇನ್ನೊಂದ್ಸಲ," ಎಂದರು, ತಿರುವಿನಲ್ಲಿ. "ಅಲ್ಲಿ ಗೋಡೆ ಹಿಡ್ಕೊಳ್ಳೋರು. ಅಲ್ಲಿಂದ ನನ್ನ ಕರೆಯೋರು." ಅಣ್ಣ ಎಲ್ಲಿಯೂ ಕೂರಲಿಲ್ಲ, ಗೋಡೆ ಹಿಡಿಯಲಿಲ್ಲ. ಮೇಲೆ ಹೋಗಿ ಆಕೆಯ ಎದುರು ಕೈಕಟ್ಟಿ ನಿಂತರು. ಆಕೆ ಅವರ ಮುಖ ನೋಡಲಿಲ್ಲ, ಎದೆ ನೋಡಿದರು, ಅಂಗಿಯ ಗುಂಡಿಗಳು ಏರಿಳಿಯುವುದನ್ನು. ಅದು ಸಣ್ಣಗೆ, ಸಮನಾಗಿ ಏರಿಳಿಯುತ್ತಿತ್ತು.

"ದಮ್ಮು ಬಂದಿಲ್ಲ," ಎಂದರು.

"ಇಲ್ಲಮ್ಮ," ಎಂದರು ಅಣ್ಣ.

"ಕೂರ್ಬೇಕಾ?"

"ಬೇಡಮ್ಮ."

"ನಂಗೆ ಕೂರ್ಬೇಕು," ಎಂದು ಆಕೆ ಕೊನೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು, ಮುಖ ಮುಚ್ಚಿಕೊಂಡರು. ಅಣ್ಣ ಎರಡು ಮೆಟ್ಟಿಲು ಇಳಿದು ತಾವೂ ಕೂತರು. ಆಕೆ ಎದ್ದು ಹೋಗಿ ಎನ್ನಲಿಲ್ಲ. ಇಬ್ಬರ ನಡುವೆ ದಾಟಿ ಹೋಗಲಾರದೆ ನಾನು ತಿರುವಿನಲ್ಲೇ ನಿಂತು ಕೆಳಗೆ ನೋಡಿದೆ.

ಸಿಸ್ಟರ್ ಮೊದಲ ಮೆಟ್ಟಿಲ ಹತ್ತಿರ, ಅಣ್ಣನ ಚಪ್ಪಲಿಯ ಪಕ್ಕ, ತಲೆ ಎತ್ತಿ ನಿಂತಿದ್ದರು. ಮೇಲೆ ಬಾ ಎಂದು ಯಾರೂ ಕರೆಯಲಿಲ್ಲ, ಅವರೂ ಹತ್ತಲಿಲ್ಲ.